ಏರಿಗೆ ಹೆಗಲು ಕೊಟ್ಟ ಗುಡ್ಡಗಳು

ಕೆರೆಬಿಳಚಿ ಕಡೆಯಿಂದ ಸೂಳೆಕೆರೆಯ ಏರಿಗೆ ಬಂದು ನಿಂತವರ ಕಣ್ಣು ಮೊದಲು ಹೋಗುವುದು ನೀರಿನ ಮೇಲೆ. ಗಾಳಿ ಜೋರಾದ ದಿನ ತೆರೆ ಎದ್ದು ಬಂದು ಕಲ್ಲುಕಟ್ಟಡಕ್ಕೆ ಬಡಿಯುತ್ತದೆ. ಸುಮಾರು 6,500 ಎಕರೆ ಹರವಿನ ಈ ಕೆರೆಯ ಏರಿ ಎಷ್ಟು ಉದ್ದವಿದ್ದೀತು? ಹಳೆಯ ಮೈಸೂರು ಗೆಜೆಟಿಯರ್‌ ಕೊಡುವ ಲೆಕ್ಕ ಬರೀ 950 ಅಡಿ. ನಿಧಾನವಾಗಿ ನಡೆದರೂ ಐದಾರು ನಿಮಿಷದ ದಾರಿ. ಬಯಲಿನ ಎಷ್ಟೋ ಊರಕೆರೆಗಳಿಗೆ ಇದಕ್ಕಿಂತ ಉದ್ದದ ಏರಿಯಿದೆ. ಇಷ್ಟು ಗಿಡ್ಡ ಏರಿ ಅಷ್ಟು ನೀರನ್ನು ಹಿಡಿದು ನಿಂತಿರುವುದಕ್ಕೆ ಕಾರಣ ಎಡಬಲದ ಗುಡ್ಡಗಳು. ಮುಕ್ಕಾಲು ಕಟ್ಟೆಯನ್ನು ಅವು ಮೊದಲೇ ಕಟ್ಟಿಟ್ಟಿದ್ದವು. ಮನುಷ್ಯರು ಮುಚ್ಚಿದ್ದು ಹರಿದ್ರಾವತಿ ಹಳ್ಳ ನುಗ್ಗಿ ಹೋಗುತ್ತಿದ್ದ ಕಣಿವೆಯ ಬಾಯನ್ನು ಮಾತ್ರ.

ಕೆರೆ ಕಟ್ಟಿಸಿದ ಶಾಂತವ್ವನ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಸಿದ್ದನ ತೂಬು, ಬಸವನ ತೂಬುಗಳ ಹೆಸರು ಅಚ್ಚುಕಟ್ಟಿನ ರೈತರ ಬಾಯಲ್ಲಿದೆ. ಇಲ್ಲಿನ ನೀರು ಕುಡಿಯಲು ಚಿತ್ರದುರ್ಗದವರೆಗೂ ಹೋಗುತ್ತದೆ. ಆದರೆ ಹೆಗಲು ಕೊಟ್ಟ ಗುಡ್ಡಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ಅದು ಶಾಂತವ್ವನ ಕಥೆಗಿಂತ ಬಹಳ ಹಳೆಯದು.

ಸೂಳೆಕೆರೆಯಿರುವ ಚನ್ನಗಿರಿ, ಜೊತೆಗೆ ಹೊನ್ನಾಳಿ, ನ್ಯಾಮತಿಯ ನೆಲ ಭೂವಿಜ್ಞಾನಿಗಳು ಶಿವಮೊಗ್ಗ ಶಿಲಾಪಟ್ಟಿ ಎಂದು ಕರೆಯುವ ಸೀಮೆಗೆ ಸೇರಿದ್ದು. ಮೂಡಲಿಗೆ ಚಿತ್ರದುರ್ಗದ ಪಟ್ಟಿ ಇದೆ. ಎರಡೂ ಧಾರವಾಡ ಶಿಲೆಗಳೇ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳಿಗೆ ಆ ಹೆಸರಿಟ್ಟರು. ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಜ್ವಾಲಾಮುಖಿಗಳಿದ್ದವು. ಮಾತು ನಂಬಲಾಗದವರು ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿನ ಬಂಡೆ ದಿಂಬುಗಳನ್ನು ಒಟ್ಟಿದಂತಿದೆ: ಉಬ್ಬಿದ, ಕಪ್ಪು ಹಸಿರಿನ ದುಂಡು ಕಲ್ಲುಗಳು ಒಂದರ ಸಂದಿಗೆ ಇನ್ನೊಂದು ಒತ್ತಿಕೊಂಡು ಕೂತಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಮೇಲ್ಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಗಿನ ಬಿಸಿರಸ ಆ ಸಿಪ್ಪೆಯನ್ನು ಒಡೆದು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಇಂದಿಗೂ ಸಾಗರದ ತಳದಲ್ಲಿ ಹೀಗೆಯೇ ನಡೆಯುತ್ತದೆ. ಈ ದಿಂಬುಕಲ್ಲನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು.

ಚನ್ನಗಿರಿ ತಾಲ್ಲೂಕಿನ ಜೋಳದಾಳ್ ಊರಿನ ಹೆಸರೂ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಸುಣ್ಣಕಲ್ಲು, ಮ್ಯಾಂಗನೀಸ್ ಇರುವ ಒಂದು ಶಿಲಾಸ್ತರಕ್ಕೆ ಆ ಊರಿನದೇ ಹೆಸರು. ಆ ಸುಣ್ಣಕಲ್ಲು ಕೂಡ ಕಡಲಲ್ಲಿ ಕೂತ ಕೆಸರೇ. ಮುಂದೆ ಭೂಚಿಪ್ಪಿನ ಒತ್ತಡಕ್ಕೆ ಲಾವಾ, ಮರಳು, ಕೆಸರು ಎಲ್ಲವೂ ಹಾಸಿಗೆ ಮಡಚಿದಂತೆ ಮಡಚಿಕೊಂಡು ಬೆಟ್ಟಗಳಾದವು. ಬಿರುಕುಗಳಲ್ಲಿ ಬಿಸಿನೀರು ಏರಿ ಬಂದು ಚಿನ್ನವನ್ನು ಉಳಿಸಿಹೋಯಿತು. ಹೊನ್ನಾಳಿ ಸೀಮೆಯಲ್ಲಿ ಹಿಂದೆ ಚಿನ್ನದ ಗಣಿ ತೋಡಿದ್ದು ಇದೇ ಕಾರಣಕ್ಕೆ.

ಆ ಬೆಟ್ಟಗಳು ಎಷ್ಟು ಎತ್ತರವಿದ್ದವೋ, ಈಗ ಉಳಿದಿರುವುದು ಅವುಗಳ ಬುಡ. ಹಿಮಾಲಯಕ್ಕೆ ಸುಮಾರು 5 ಕೋಟಿ ವರ್ಷ. ಅದು ಇನ್ನೂ ಬೆಳೆಯುವ ಕೂಸು. ನಮ್ಮ ಗುಡ್ಡಗಳು ಬೆಳೆದು, ಸವೆದು, ಮಳೆ ಗಾಳಿಗೆ ಮೆತ್ತಗಿನದನ್ನೆಲ್ಲ ಬಿಟ್ಟುಕೊಟ್ಟು, ಗಟ್ಟಿ ಕಲ್ಲನ್ನಷ್ಟೇ ಉಳಿಸಿಕೊಂಡಿರುವ ಮುದಿಜೀವಗಳು. ಆ ಗಟ್ಟಿಸಾಲನ್ನು ಹೊಳೆ ಹಳ್ಳಗಳು ಎಲ್ಲೋ ಒಂದೆಡೆ ಕೊರೆದು ದಾಟುತ್ತವೆ. ಕೆರೆ ಕಟ್ಟುವವರು ಹುಡುಕುವುದು ಅಂಥ ಜಾಗವನ್ನೇ. ಹಿರೇಕೆರೂರಿನ ಮದಗ ಮಾಸೂರು ಕೆರೆಯನ್ನು ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ್ದು ಗುಡ್ಡಗಳ ನಡುವೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವೂ ಹಾಗೆಯೇ. ಮಾರಿಕಣಿವೆ ಎಂಬ ಹೆಸರೇ ಅದನ್ನು ಹೇಳುತ್ತದೆ. ಸೂಳೆಕೆರೆಯ ಏರಿಗೆ ಜಾಗ ಹುಡುಕಿದವರಿಗೆ ಭೂವಿಜ್ಞಾನ ಎಂಬ ಪದ ಗೊತ್ತಿರಲಿಲ್ಲ, ಗುಡ್ಡ ಓದುವುದು ಗೊತ್ತಿತ್ತು.

ಆ ಓದನ್ನು ನಾವು ಮರೆತಿದ್ದೇವೆ. ಇಂದು ಗುಡ್ಡ ಕಂಡರೆ ಕಾಣುವುದು ಜಲ್ಲಿ, ಸೈಜುಗಲ್ಲು, ಎಂ ಸ್ಯಾಂಡ್. ಅಡಿಕೆ ಸೀಮೆಯಲ್ಲಿ ಇನ್ನೊಂದು ಕಾಣುತ್ತದೆ: ತೋಟಕ್ಕೆ ಹೊಡೆಸುವ ಕೆಂಪು ಮಣ್ಣು. ಬುಡದಲ್ಲಿ ಜೆಸಿಬಿ ಬಾಯಿ ಹಾಕಿದರೆ ಮುಂದಿನ ಮಳೆಗೆ ಇಳಿಜಾರಿನ ಮಣ್ಣು ಸಡಿಲಾಗಿ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಬರುತ್ತದೆ. ಕುರುಚಲು ಕಾಡು ಹೋದರೆ ನೀರು ನೆಲಕ್ಕೆ ಇಂಗದೆ ಓಡುತ್ತದೆ. ತೋಟಕ್ಕೆ ಮಣ್ಣು ಹೊಡೆಸಿದ ರೈತನೇ ಬೇಸಿಗೆಯಲ್ಲಿ ಕೊಳವೆಬಾವಿ ಇನ್ನಷ್ಟು ಆಳಕ್ಕೆ ಇಳಿಸಬೇಕಾಗುತ್ತದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಗೆ ತಂದಿದ್ದ ಸ್ಫೋಟಕ ಸಿಡಿದಾಗ ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳವರೆಗೂ ನೆಲ ನಡುಗಿತು. ಭೂಕಂಪವೆಂದು ಜನ ಮನೆಬಿಟ್ಟು ಹೊರಗೆ ಓಡಿಬಂದರು. ಅಲ್ಲಿ ಕೆಲವರು ಜೀವ ಕಳೆದುಕೊಂಡರು. ಜ್ವಾಲಾಮುಖಿ ಆರಿ ಯುಗಗಳು ಕಳೆದ, ತಣ್ಣಗೆ ಮಲಗಿದ ಈ ನೆಲವನ್ನು ಆ ರಾತ್ರಿ ನಡುಗಿಸಿದ್ದು ಮನುಷ್ಯನ ಸಿಡಿಮದ್ದು.

ಕಲ್ಲು ಬೇಡವೇ? ಬೇಕು. ಮನೆ, ರಸ್ತೆ, ಶಾಲೆ ಕಟ್ಟಬೇಕು. ಆದರೆ ಕಲ್ಲಿಗೆ ಗುಡ್ಡವೇ ಆಗಬೇಕೆಂದಿಲ್ಲ. ಈ ಬಯಲಿನ ಅಡಿಯಲ್ಲೂ ಕಲ್ಲಿನ ಹಾಸು ಇದೆ. ಯಾವ ಕೆರೆಗೂ ನೀರು ಹರಿಸದ ಸಮತಟ್ಟು ಜಾಗದಲ್ಲಿ ಕ್ವಾರಿ ಮಾಡಲು ಖರ್ಚು ಒಂದಷ್ಟು ಹೆಚ್ಚಾದೀತು, ಅಷ್ಟನ್ನು ಭರಿಸಲೇಬೇಕು. ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗಾಗಿ ರಂಗಯ್ಯನದುರ್ಗದ ಕಾಡನ್ನು ಅಭಯಾರಣ್ಯ ಮಾಡಿದ್ದರಿಂದ ಅಲ್ಲಿನ ಗುಡ್ಡಗಳಿಗೆ ಕಾನೂನಿನ ಕಾವಲು ಸಿಕ್ಕಿದೆ. ಚಿತ್ರದುರ್ಗದವರೆಗಿನ ಜನ ನೀರು ಕುಡಿಯುವ ಸೂಳೆಕೆರೆಯ ಗುಡ್ಡಗಳಿಗೆ ಅಂಥದೊಂದು ಕಾವಲು ಕೇಳುವುದು ದುಬಾರಿ ಬೇಡಿಕೆಯಲ್ಲ.

ಸೂಳೆಕೆರೆಯ ಒತ್ತುವರಿ ತೆರವಿಗೆ, ಗಡಿ ಗುರುತಿಗೆ ಈ ಭಾಗದ ಜನ ವರ್ಷಗಟ್ಟಲೆ ದನಿ ಎತ್ತಿದ್ದಾರೆ. ಆ ಅಳತೆ ನೀರಿನ ಅಂಚಿಗೆ ನಿಲ್ಲಬಾರದು. ಕೆರೆಯ ನಕ್ಷೆಯೊಳಗೆ ಎರಡೂ ಬದಿಯ ಗುಡ್ಡಗಳ ನೆತ್ತಿಯವರೆಗೆ ಗೆರೆ ಎಳೆಯಬೇಕು. ಆ ಗೆರೆಯೊಳಗೆ ಕಲ್ಲಿಗಾಗಲಿ ಮಣ್ಣಿಗಾಗಲಿ ಗುತ್ತಿಗೆ ಕೇಳಿ ಅರ್ಜಿ ಬಂದರೆ ಗಣಿ ಇಲಾಖೆ ಮೊದಲು ನೀರಾವರಿಯವರನ್ನೂ ಅಚ್ಚುಕಟ್ಟಿನ ಗ್ರಾಮಸಭೆಗಳನ್ನೂ ಕೇಳಲಿ. ಸಭೆಯನ್ನು ಮಳೆಗಾಲದಲ್ಲಿ, ಏರಿಯ ಮೇಲೆಯೇ ಕರೆದರೆ ಇನ್ನೂ ಒಳ್ಳೆಯದು: ಗುಡ್ಡದಿಂದ ಇಳಿಯುವ ನೀರಿನ ಬಣ್ಣವನ್ನು ಅಧಿಕಾರಿಗಳೂ ಊರವರೂ ಒಟ್ಟಿಗೆ ನೋಡಬಹುದು.