ಮೊರ ಹಿಡಿದು ಓದುವವರು

ಇನ್ನೊಬ್ಬರ ಕೆಲಸದ ಬಗ್ಗೆ ಅಭಿಪ್ರಾಯ ಹೇಳುವಾಗ ಮೃದುವಾಗಿರಬೇಕೋ ನಿಷ್ಠುರವಾಗಿರಬೇಕೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ದನಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿದೆಯೆ? ‘ಚೆನ್ನಾಗಿದೆ’ ಎನ್ನಲೂ ‘ಏನೂ ಸರಿಯಿಲ್ಲ’ ಎನ್ನಲೂ ಕೆಲಸವನ್ನು ಪೂರ್ತಿ ನೋಡಬೇಕಾಗಿಲ್ಲ. ಕೇರಿ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡಿ ತೋರಿಸುವುದು ಮಾತ್ರ ಕೈನೋಯುವ ಕೆಲಸ.

1913ರ ಜನವರಿ 16ರಂದು ಮದರಾಸು ಬಂದರು ಕಚೇರಿಯ ಗುಮಾಸ್ತ ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ಬರೆದ ಪತ್ರದ ತುಂಬ ಸೂತ್ರಗಳಿದ್ದವು. ಅವನ್ನು ಸಾಧಿಸಿದ ಹೆಜ್ಜೆಗಳಿರಲಿಲ್ಲ. ಕೆಲವೇ ವಾರಗಳ ಹಿಂದೆ ಲಂಡನ್ನಿನ ಪ್ರಾಧ್ಯಾಪಕ ಎಂ.ಜೆ.ಎಂ. ಹಿಲ್ ಕೂಡ ರಾಮಾನುಜನ್ ಅವರ ಗಣಿತವನ್ನು ನೋಡಿದ್ದರು. ಕೊನೆಯಿಲ್ಲದೆ ಬೆಳೆಯುವ ಶ್ರೇಢಿಗಳಲ್ಲಿ ಎಡವಿದ್ದೀರಿ, ಬ್ರಾಮ್‌ವಿಚ್ ಅವರ ಪಠ್ಯಪುಸ್ತಕ ಓದಿ ಎಂಬುದು ಅವರ ಸಲಹೆ. ಹಿಲ್ ಒರಟರಲ್ಲ, ಉಡಾಫೆಯವರೂ ಅಲ್ಲ. ಆದರೆ ಅವರ ಮೊರ ಪಠ್ಯಪುಸ್ತಕದ್ದು. ಅದರಲ್ಲಿ ನಿಲ್ಲದ್ದೆಲ್ಲ ಹೊಟ್ಟೇ ಇರಬೇಕು! ಹಾರ್ಡಿ ಫೆಬ್ರವರಿ 8ರಂದು ಬರೆದ ಉತ್ತರದಲ್ಲಿ ಫಲಿತಗಳನ್ನು ಮೂರು ರಾಶಿ ಮಾಡಿದರು: ಈಗಾಗಲೇ ಗೊತ್ತಿರುವವು, ಹೊಸವಾದರೂ ಮಹತ್ವಕ್ಕಿಂತ ಕುತೂಹಲಕ್ಕೆ ಹೆಚ್ಚು ಸಲ್ಲುವವು, ಹೊಸವೂ ಮಹತ್ವದವೂ ಆದವು. ಮೂರನೆಯ ರಾಶಿಯ ಬೆಲೆ ಸಾಧನೆ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ನಿಂತಿದೆ, ಅದನ್ನು ಕಳಿಸಿ ಎಂದರು. ಹೊಗಳಿಕೆ ಇದರಲ್ಲಿ ಕಡಿಮೆ. ಆದರೂ ಪತ್ರದ ಯಾವ ಸಾಲು ಯಾಕೆ ನಿಲ್ಲುತ್ತದೆ ಎಂದು ಬರೆದವರಿಗೆ ಗೊತ್ತಾಗುವಂತಿತ್ತು.

ಇಷ್ಟು ನಿಖರವಾಗಿ ತಿದ್ದಿದರೆ ಸ್ವಂತ ಪ್ರತಿಭೆ ಮುದುಡಿಹೋಗುವುದಿಲ್ಲವೆ ಎಂಬ ಆಕ್ಷೇಪ ಸಣ್ಣದಲ್ಲ. ಆ ಅಂಜಿಕೆ ಹಾರ್ಡಿ ಅವರಿಗೇ ಇತ್ತು. ಆದರೂ, ಒಂದು ಪೂರ್ಣಾಂಕವನ್ನು ಎಷ್ಟು ಬಗೆಯಲ್ಲಿ ಕೂಡಿಸಿ ಬರೆಯಬಹುದು ಎಂಬುದರ ಮೇಲೆ 1918ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಲೇಖನದಲ್ಲಿ ಒಬ್ಬರ ಊಹೆ, ಮತ್ತೊಬ್ಬರ ಶಿಸ್ತು ಎರಡೂ ಉಳಿದಿವೆ. ಕೇಳುವವರ ಕಷ್ಟ ಬೇರೆ ಬಗೆಯದು: ಅನ್ನಕ್ಕಾಗಿ ಶಿಫಾರಸು ಬೇಕಾದವರು ತಿದ್ದುವವರೊಡನೆ ವಾದಿಸುವುದು ಹೇಗೆ? ರಾಮಾನುಜನ್ ವಾದಿಸಲೂ ಇಲ್ಲ, ತಕ್ಷಣ ಒಪ್ಪಲೂ ಇಲ್ಲ. ಹಾರ್ಡಿ ಕೇಳಿದ ಸಾಧನೆಗಳನ್ನು ಕಳಿಸದೆ, ಫಲಿತಗಳನ್ನು ನೀವೇ ಪರೀಕ್ಷಿಸಿ ನೋಡಿ ಎಂಬ ಧಾಟಿಯಲ್ಲಿ ಉತ್ತರಿಸಿದರು. ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ಅವರ ಕೆಲವು ಹೇಳಿಕೆಗಳು ಮುಂದೆ ನಿಜಕ್ಕೂ ತಪ್ಪೆಂದು ತಿಳಿಯಿತು. ಅವರು ತೀರಿಕೊಂಡು 20 ವರ್ಷ ಕಳೆದ ಮೇಲೂ, 1940ರ ಉಪನ್ಯಾಸ ಗ್ರಂಥದಲ್ಲಿ, ಆ ತಪ್ಪು ಎಲ್ಲಿ ಹುಟ್ಟಿತು ಎಂದು ಹಾರ್ಡಿ ಬಿಡಿಸಿ ಬರೆದರು.