ನುಡಿಯಂಗಳ: ಉಸಿರಾಟದಲ್ಲಿ ಥಾಯ್ ಪಾಠ

ಥಾಯ್ ಭಾಷೆಯನ್ನು ಕಲಿಯಹೊರಟವರ ಮೊದಲ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೋಟೆಲು, ಅಂಗಡಿ, ಬಾಡಿಗೆ ಬಂಡಿಗಳ ಮಾತೇ ತುಂಬಿರುತ್ತದೆ. ಆ ನಾಡಿನ ಭಿಕ್ಷುಗಳ ಧ್ಯಾನೋಪದೇಶವನ್ನು ಕೇಳುತ್ತ ಕಲಿಯುವ ದಾರಿಯೊಂದಿದೆ. ಕನ್ನಡಿಗರಿಗೆ ಅದೇ ಹೆಚ್ಚು ಸುಗಮವೆಂದು ನನ್ನೆಣಿಕೆ. ಉಪದೇಶದ ಮಾತು ನಿಧಾನವಾದುದು. ಹೇಳಿದ್ದನ್ನೇ ಮತ್ತೆ ಹೇಳುವುದು ಅಲ್ಲಿ ದೋಷವಲ್ಲ.

ಮೊದಲ ಪಾಠ ಉಸಿರಿನದೇ. ‘ಹಾಯ್ ಚೈ ಖವ್’ ಎಂದರೆ ಉಸಿರನ್ನು ಒಳಗೆಳೆದುಕೊಳ್ಳುವುದು, ‘ಹಾಯ್ ಚೈ ಓಕ್’ ಎಂದರೆ ಹೊರಬಿಡುವುದು. ಆಚಾರ್ಯ ಮುನ್ (1870–1949) ಅವರ ಅರಣ್ಯವಾಸಿ ಪರಂಪರೆಯಲ್ಲಿ ಒಳಗೆಳೆವಾಗ ‘ಫುತ್’ ಎಂದೂ ಬಿಡುವಾಗ ‘ಥೋ’ ಎಂದೂ ಮನಸ್ಸಿನಲ್ಲೇ ನುಡಿದುಕೊಳ್ಳುವ ರೂಢಿಯುಂಟು. ಎರಡೂ ಕೂಡಿದರೆ ನಮ್ಮ ‘ಬುದ್ಧೋ’! ‘ಖವ್’, ‘ಓಕ್’ಗಳನ್ನು ಇಷ್ಟು ಕಲಿತವನಿಗೆ ಪೇಟೆಯ ಕಟ್ಟಡಗಳಲ್ಲಿ ‘ಥಾಂಗ್ ಖವ್’ ಒಳದಾರಿಯೆಂದೂ ‘ಥಾಂಗ್ ಓಕ್’ ಹೊರದಾರಿಯೆಂದೂ ಬೇರೆ ಹೇಳಬೇಕಿಲ್ಲ.

‘ಚೈ’ ಎಂದರೆ ಹೃದಯ, ಮನಸ್ಸು. ಇದೊಂದು ಪದದಿಂದಲೇ ಒಂದು ಚಿಕ್ಕ ನಿಘಂಟು ಹುಟ್ಟುತ್ತದೆ. ‘ದೀ ಚೈ’ ಸಂತೋಷ. ‘ಸಿಯಾ ಚೈ’ ದುಃಖ, ಅಕ್ಷರಶಃ ಮನಸ್ಸು ಕೆಡುವುದು. ‘ಚೈ ಯೆನ್’, ತಣ್ಣನೆಯ ಮನಸ್ಸು, ಅಂದರೆ ತಾಳ್ಮೆ. ‘ಚೈ ರೋನ್’, ಬಿಸಿ ಮನಸ್ಸು, ಅಂದರೆ ದುಡುಕು. ಅರ್ಥವಾಯಿತೆನ್ನಲು ‘ಖವ್ ಚೈ’, ಮನವನ್ನು ಹೊಕ್ಕಿತು. ಎಷ್ಟು ಚೆನ್ನಾದ ಮಾತು!

ಉಚ್ಚಾರಣೆಯಲ್ಲಿ ತೊಡಕುಂಟು. ಭಾಷೆಗೆ ಐದು ಸ್ವರಭೇದಗಳು. ‘ಖಾವ್’ ಎಂಬುದನ್ನು ಇಳಿಸಿ ನುಡಿದರೆ ಅನ್ನ, ತಗ್ಗಿಸಿ ನುಡಿದರೆ ಸುದ್ದಿ, ಏರಿಸಿ ನುಡಿದರೆ ಬಿಳುಪು. ನಮ್ಮ ಪದಗಳೂ ಅಲ್ಲಿ ವೇಷ ಬದಲಿಸಿವೆ: ಪುಣ್ಯ ‘ಬುನ್’, ಪಾಪ ‘ಬಾಪ್’, ದುಃಖ ‘ಥುಕ್’, ಗುರು ‘ಖ್ರೂ’, ಭಾಷೆ ‘ಫಾಸಾ’.

ವೇಷ ಬದಲಿಸಿದವರನ್ನು ಗುರುತಿಸಬಹುದು. ವೇಷ ಹಾಗೆಯೇ ಇದ್ದು ಒಳಗಿನ ಅರ್ಥ ಬದಲಾದವರನ್ನು ನಂಬುವುದು ಕಷ್ಟ. ನಾವು ‘ಸಂಸಾರ’ವೆಂದರೆ ಹೆಂಡತಿ ಮಕ್ಕಳು, ಧರ್ಮಗ್ರಂಥದಲ್ಲಿ ಅದು ಜನನ ಮರಣಗಳ ಚಕ್ರ, ಥಾಯ್ ಗೃಹಿಣಿಯ ಬಾಯಲ್ಲಿ ‘ಸೋಂಗ್‌ಸಾನ್’ ಎಂದರೆ ಅಯ್ಯೋ ಪಾಪವೆಂಬ ಕನಿಕರ. (ಸಂಸಾರಸ್ಥರು ಇದನ್ನು ತಪ್ಪೆನ್ನಲಾರರು.) ‘ಸನ್ಯಾ’ ಭಿಕ್ಷುವಿನ ಉಪದೇಶದಲ್ಲಿ ಸಂಜ್ಞೆ, ವಸ್ತುವನ್ನು ಗುರುತಿಸುವ ಬುದ್ಧಿ, ಪೇಟೆಯಲ್ಲಿ ಕರಾರು. ‘ಮಾನಾ’ ಉಪದೇಶದಲ್ಲಿ ಬಿಡಬೇಕಾದ ಅಹಂಕಾರ, ಶಾಲೆಯಲ್ಲಿ ಮಕ್ಕಳಿಗೆ ಬೇಕಾದ ಛಲ. ‘ವಾತ್ಸನಾ’ ಅಲ್ಲಿ ಅದೃಷ್ಟ. ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ಆದುದರಿಂದ ಮಠದಲ್ಲಿ ಕಲಿತ ಪದವನ್ನು ಮನೆಮಾತಿನಲ್ಲಿ ಇನ್ನೊಮ್ಮೆ ಕಲಿಯಲೇಬೇಕು.

ಇದಕ್ಕೆ ಬುದ್ಧದಾಸ ಭಿಕ್ಷುಗಳ (1906–1993) ಬೋಧೆ ಒಳ್ಳೆಯ ನಿದರ್ಶನ. ದಕ್ಷಿಣ ಥಾಯ್ಲೆಂಡಿನ ಚೈಯಾದಲ್ಲಿ 1932ರಲ್ಲಿ ಅವರು ‘ಸುವನ್ ಮೋಕ್’ ಆಶ್ರಮವನ್ನು ಸ್ಥಾಪಿಸಿದರು. ‘ಸುವನ್’ ತೋಟ, ‘ಮೋಕ್’ ಮೋಕ್ಷ. ನಾನು ನನ್ನದೆಂಬ ಅಭಿಮಾನವನ್ನು ಅವರು ‘ತುವಾ ಕೂ, ಖೋಂಗ್ ಕೂ’ ಎಂದು ಕರೆದರು. ‘ಕೂ’ ಎಂಬುದು ಒರಟಾದ ‘ನಾನು’. ಅಹಂಕಾರದ ಹೇಸಿಗೆ ಕೇಳುವವನಿಗೆ ತಟ್ಟಲೆಂದೇ ಬೇಕೆಂದು ಆರಿಸಿದ ಪದ. ಉಪದೇಶ ಕೇಳಿ ಬಂದ ಹೊಸಬನು ಇದನ್ನೇ ಅಂಗಡಿಯಲ್ಲಿ ಆಡಿದನೋ, ಜಗಳವಾದೀತು. ಗಂಡಸರು ‘ಫೊಮ್’ ಎಂದೂ ಹೆಂಗಸರು ‘ದಿಛನ್’ ಎಂದೂ ಹೇಳಿಕೊಳ್ಳತಕ್ಕದ್ದು.