ಜೈಕಾರ ಹಾಕಿದವರೆಲ್ಲ ಒಡೆಯರಲ್ಲ



ಫುಟ್‌ಬಾಲಿನ ವಿಷಯ ಈ ಮಾಸ್ತರರಿಗೆ ಏಕೆ ಬೇಕಿತ್ತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಣ್ಣಿಗೇರಿ, ನವಲಗುಂದ, ಕುಂದಗೋಳದ ನಮ್ಮ ಸೀಮೆಯಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ಖೋಖೋ. ಎರಡು ಮಳೆ ಬಿದ್ದವೆಂದರೆ ಎರೆಮಣ್ಣಿನ ಮೈದಾನದಲ್ಲಿ ಚೆಂಡು ಉರುಳುವುದಿರಲಿ, ಕಾಲು ಕಿತ್ತಿಡುವುದೇ ಕಷ್ಟ. ಆದರೆ ಆ ಮೈದಾನಗಳಲ್ಲಿ ಓಡಾಡಿದ ಹುಡುಗರು ಇಂದು ಬೆಂಗಳೂರಿನಲ್ಲಿದ್ದಾರೆ. ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರೆ. ಬೆಂಗಳೂರು ಎಫ್‌ಸಿ ಅವರಿಗೆ ಮನೆದೇವರಿದ್ದಂತೆ. ಆ ಮನೆದೇವರ ಯಜಮಾನಿಕೆಯ ಬಗ್ಗೆಯೇ ಅವರೊಳಗೆ ವಾದ ಹುಟ್ಟಿ, ಎರಡೂ ಕಡೆಯವರು ದೂರವಾಣಿ ಮಾಡಿ ನನ್ನಿಂದ ನ್ಯಾಯ ಕೇಳಿದ್ದಾರೆ. ಆ ನ್ಯಾಯವನ್ನು ಇಲ್ಲಿ ಹೇಳುತ್ತಿದ್ದೇನೆ. ಇಬ್ಬರಿಗೂ ಅದು ರುಚಿಸಲಾರದು.

ಮೊದಲು ನಡೆದ ಸಂಗತಿ. ದೇಶದ ಫುಟ್‌ಬಾಲ್ ಒಕ್ಕೂಟವು 2010ರಲ್ಲಿ 15 ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗೆ, ತನ್ನ ವಾಣಿಜ್ಯ ಹಕ್ಕುಗಳನ್ನು ರಿಲಯನ್ಸ್ ಪಾಲುದಾರಿಕೆಯ ಕಂಪನಿಯೊಂದಕ್ಕೆ ಬಿಟ್ಟುಕೊಟ್ಟಿತು. ಐಎಸ್‌ಎಲ್ ಲೀಗು ಹುಟ್ಟಿದ್ದು ಆ ಒಪ್ಪಂದದಿಂದ. ಒಪ್ಪಂದದ ಅವಧಿ 2025ರ ಡಿಸೆಂಬರಿನಲ್ಲಿ ಮುಗಿಯಲಿತ್ತು. ಮುಂದೇನು ಎಂಬುದು ತೀರ್ಮಾನವಾಗಲಿಲ್ಲವೆಂದು 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟ್ ತಿಂಗಳ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ಇದು ಅನ್ವಯಿಸದೆಂದೂ ಹೇಳಿತು. ನವೆಂಬರಿನಲ್ಲಿ ಹಕ್ಕುಗಳಿಗೆ ಟೆಂಡರ್ ಕರೆದರೆ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಸರಕಾರ ನಡುವೆ ಬಂದು, 2026ರ ಫೆಬ್ರವರಿಯಲ್ಲಿ ಮೊಟಕುಗೊಂಡ ಲೀಗೊಂದು ಶುರುವಾಯಿತು.

ಇದು ಬಡ ಕ್ಲಬ್ಬಿನ ಕಥೆಯಲ್ಲ ಎಂಬುದನ್ನು ಗಮನಿಸಿರಿ. ಬೆಂಗಳೂರು ಎಫ್‌ಸಿಯನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯು ಸಮೂಹ. ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಅದೇ ಜೆಎಸ್‌ಡಬ್ಲ್ಯು. ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡವದು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ಆಡಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಅಂಥ ತಂಡದ ಆಟಗಾರನಿಗೇ ಮುಂದಿನ ತಿಂಗಳ ಸಂಬಳದ ಖಾತರಿಯಿಲ್ಲದಾಯಿತು.

ಒಬ್ಬ ಶಿಷ್ಯನ ವಾದ ಹೀಗಿದೆ: "ಸರ್, ರೊಕ್ಕ ಹಾಕಿದಾಂವ ಅಂವ, ಹೇಳೂದೂ ಅಂವಾನ. ಲೀಗs ಇಲ್ಲಂದ್ರ ಪಗಾರ ಎಲ್ಲಿಂದ ಕೊಡತಾನ?" ಕೇಳಲು ಇದು ವ್ಯವಹಾರಜ್ಞಾನದ ಮಾತು. ಆದರೆ ಕ್ಲಬ್ಬು ನಡೆಯುವುದು ಒಡೆಯನ ರೊಕ್ಕದಿಂದ ಮಾತ್ರವೇ? ಕಂಠೀರವ ಕ್ರೀಡಾಂಗಣ ಯಾರದು? ರಾಜ್ಯ ಸರಕಾರದ್ದು. ಎಂದರೆ ಕಲಘಟಗಿಯಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಮುದುಕಿಯ ತೆರಿಗೆಯೂ ಅದರಲ್ಲಿ ಸೇರಿದೆ. ಬೆಂಗಳೂರು ಎಂಬ ಹೆಸರು ಯಾರದು? ಅದನ್ನು ಯಾವ ಕಂಪನಿಯೂ ಕೊಂಡುಕೊಂಡಿಲ್ಲ. ಈ ಊರಿನ ಫುಟ್‌ಬಾಲ್ ಪರಂಪರೆ ಯಾರದು? 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1968–69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಬಳಿಕ, 2023ರಲ್ಲಿ, ಕರ್ನಾಟಕದ ಹುಡುಗರು ರಿಯಾದಿನಲ್ಲಿ ಅದನ್ನು ಮತ್ತೆ ಗೆದ್ದರು. ಒಡೆಯರು ಬರುವ ಮುಂಚೆಯೇ ಆಟವಿತ್ತು, ನೋಡುವವರಿದ್ದರು. ಹೊಲ ಊರಿನದು, ಬೀಜ ಊರಿನದು, ಗೊಬ್ಬರ ಒಬ್ಬನದು. ಗೊಬ್ಬರ ಹಾಕಿದವನಿಗೆ ಪಾಲು ಸಲ್ಲಬೇಕು, ನಿಜ. ಹೊಲವೇ ಸಲ್ಲಬೇಕೆಂದರೆ ಹೇಗೆ?

ಒಡೆಯ ಮನಸ್ಸು ಮಾಡಿದರೆ ಏನಾಗಬಹುದೆಂಬುದನ್ನು ನೆರೆಯ ಹೈದರಾಬಾದಿನಲ್ಲಿ ಕಂಡಿದ್ದೇವೆ. ಪುಣೆಯ ಕ್ಲಬ್ಬು 2019ರಲ್ಲಿ ಮುಚ್ಚಿದಾಗ ಅದರ ಸ್ಥಾನ ಹೈದರಾಬಾದಿಗೆ ಹೋಯಿತು. 2022ರಲ್ಲಿ ಆ ಹೈದರಾಬಾದ್ ಎಫ್‌ಸಿ ಐಎಸ್‌ಎಲ್ ಗೆದ್ದಿತು. ಮರುವರ್ಷದಲ್ಲೇ ಸಂಬಳ ಬಾಕಿ, ಫಿಫಾದ ನಿರ್ಬಂಧ, ಆಟಗಾರರ ವಲಸೆ. 2024ರಲ್ಲಿ ಬಿ. ಸಿ. ಜಿಂದಾಲ್ ಸಮೂಹವು ತಂಡವನ್ನು ವಹಿಸಿಕೊಂಡಿತು. ಅಭಿಮಾನಿಗಳು ನಿಟ್ಟುಸಿರು ಬಿಟ್ಟರು. 2025ರ ಅಕ್ಟೋಬರಿನಲ್ಲಿ ತಂಡ ದಿಲ್ಲಿಗೆ ಹೋಯಿತು; ಹೆಸರೂ ಬದಲಾಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು. ಆರು ವರ್ಷಗಳಲ್ಲಿ ಒಂದೇ ಗಾಡಿ ಮೂರು ಊರುಗಳನ್ನು ಸುತ್ತಿತು. ಹಳದಿ ಅಂಗಿ ಕೊಂಡು ತೊಟ್ಟ ಹೈದರಾಬಾದಿನ ಹುಡುಗನನ್ನು ಒಂದು ಮಾತೂ ಕೇಳಬೇಕಾಗಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ಯಾರೂ ಅಲ್ಲ.

ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಕಡೆಯ ನಿದರ್ಶನವೇ ಇದೆ. ಬೆಳಗಾವಿ, ಹುಬ್ಬಳ್ಳಿಗಳ ಹೆಸರು ಹೊತ್ತ ತಂಡಗಳು ಆಡುತ್ತಿದ್ದ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ 2019ರಲ್ಲಿ ಮೋಸದಾಟದ ಆರೋಪ ಎದ್ದಿತು. ಬೆಳಗಾವಿ ತಂಡದ ಮಾಲೀಕರೂ ಬಂಧಿತರಾದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟು ಆ ಪ್ರಕರಣದ ದೋಷಾರೋಪ ಪಟ್ಟಿಯನ್ನು ರದ್ದುಪಡಿಸಿತು. ಪ್ರೇಕ್ಷಕರು ಸ್ವಇಚ್ಛೆಯಿಂದ ಟಿಕೆಟ್ ಕೊಳ್ಳುತ್ತಾರೆ. ಪಂದ್ಯ ಮೊದಲೇ ಗೊತ್ತುಪಡಿಸಿದ್ದಾದರೂ ಅದು ದಂಡಸಂಹಿತೆಯ ಅರ್ಥದಲ್ಲಿ ವಂಚನೆಯಾಗದು ಎಂಬುದು ತೀರ್ಪಿನ ತಿರುಳು. ನ್ಯಾಯಾಲಯ ಇದ್ದ ಕಾನೂನನ್ನು ಓದಿ ಹೇಳಿತು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ನೀವು ಇದನ್ನು ಮನಸ್ಸಿನಲ್ಲಿಡಿರಿ: ಟಿಕೆಟ್ಟಿಗೆ ಕೊಟ್ಟ ಹಣದಿಂದ ಕುರ್ಚಿಯ ಮೇಲೆ ಎರಡು ತಾಸು ಕೂಡ್ರುವ ಹಕ್ಕಷ್ಟೇ ದೊರೆಯುತ್ತದೆ.

ಈಗ ಎರಡನೆಯ ಶಿಷ್ಯನ ಮಾತಿಗೆ ಬರೋಣ. "ಕ್ಲಬ್ಬು ಅಭಿಮಾನಿಗಳದು ಸರ್, ಕಂಪನಿಯದಲ್ಲ" ಎನ್ನುತ್ತಾನೆ ಅವನು. ಹಾಗಾದರೆ ಈ ಬಿಕ್ಕಟ್ಟಿಗೆ ಪರಿಹಾರವೇನಪ್ಪಾ ಎಂದರೆ, "ಇನ್ನೂ ದೊಡ್ಡ ಕಂಪನಿ ಬಂದು ಕೊಂಡುಕೊಳ್ಳಬೇಕು" ಎನ್ನುತ್ತಾನೆ! ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಒಡೆತನ ತನ್ನದೆನ್ನುವವನು ಧಣಿಯನ್ನು ಏಕೆ ಹುಡುಕುತ್ತಾನೆ? ವಿಜಯ ಮಲ್ಯರ ಯುಬಿ ಸಮೂಹವು 1998ರಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡರಲ್ಲೂ ಅರ್ಧರ್ಧ ಪಾಲು ಪಡೆದಾಗ ಜನ ಹಬ್ಬ ಮಾಡಿದರು. ಬದ್ಧ ವೈರಿಗಳಿಬ್ಬರ ಹೆಸರಿನ ಹಿಂದೆಯೂ ಮದ್ಯದ ಹೆಸರು ಸೇರಿತು. ಅದೇ ಮಲ್ಯರ ವಿಮಾನ ಕಂಪನಿ 2012ರಲ್ಲಿ ನೆಲ ಕಚ್ಚಿತು, ನೌಕರರು ಸಂಬಳಕ್ಕಾಗಿ ಬೀದಿಗಿಳಿದರು. ಅವರ ಫಾರ್ಮುಲಾ ಒನ್ ತಂಡ 2018ರಲ್ಲಿ ದಿವಾಳಿ ಕ್ರಮಕ್ಕೆ ಒಳಗಾಯಿತು. ಧಣಿ ಎಷ್ಟೇ ದೊಡ್ಡವನಾಗಿರಲಿ, ಅವನ ಅಂಗಡಿಗೆ ಗ್ರಹಣ ಹಿಡಿದ ದಿನ ಮೊದಲು ಆರುವುದು ಆಟದ ದೀಪ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಜಾತ್ರೆಯ ಕುಸ್ತಿಗೆ ಊರಲ್ಲಿ ಮನೆ ಮನೆಗೆ ಪಟ್ಟಿ ಹಾಕುತ್ತಿದ್ದರು. ಗೌಡರ ಪಟ್ಟಿ ದೊಡ್ಡದು, ಕೂಲಿಯವನದು ಸಣ್ಣದು. ರೊಕ್ಕವಿಲ್ಲದವನು ಜೋಳ ಅಳೆದು ಕೊಡುತ್ತಿದ್ದ. ಅದೂ ಇಲ್ಲದವನು ಕಣ ಅಗೆದು ಮಣ್ಣು ಹದ ಮಾಡುತ್ತಿದ್ದ. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಜಮಾಖರ್ಚು ಓದಿ ಹೇಳಬೇಕು. ಉಳಿದದ್ದು ಎಷ್ಟು, ಯಾರ ಬಳಿ ಇದೆ ಎಂಬುದು ಎಲ್ಲರಿಗೂ ತಿಳಿಯಬೇಕು. ದೊಡ್ಡ ಪಟ್ಟಿ ಕೊಟ್ಟೆನೆಂದು ಗೌಡರು ಕುಸ್ತಿಯ ಕಣವನ್ನೇ ಪಕ್ಕದೂರಿಗೆ ಒಯ್ಯುತ್ತೇನೆ ಎಂದಿದ್ದರೆ ಊರು ನಗುತ್ತಿತ್ತು. ಆ ಕಟ್ಟೆಯ ಮೇಲೆ ಎಲ್ಲರ ದನಿಗೂ ಸಮಾನ ಬೆಲೆ ಇರಲಿಲ್ಲವೆಂಬುದು ನಿಜ. ಹೆಂಗಸರು ಅಲ್ಲಿರಲಿಲ್ಲ, ಕೆಲವು ಕೇರಿಯವರು ದೂರ ನಿಲ್ಲಬೇಕಿತ್ತು. ಆದ್ದರಿಂದ ಆ ಕಾಲವನ್ನೇ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ.

ಆ ಕೊರತೆಗೆ ಮದ್ದೂ ನಮ್ಮ ನೆಲದಲ್ಲೇ ಹುಟ್ಟಿದೆ. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರದ ತತ್ವ ಸರಳವಾದದ್ದು: ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ; ವರ್ಷಕ್ಕೊಮ್ಮೆ ಸಭೆ, ಸಭೆಯಲ್ಲಿ ಲೆಕ್ಕ. ಸಾವಕಾರನ ಸಾಲದಿಂದ ರೈತನನ್ನು ಬಿಡಿಸಲು ಹುಟ್ಟಿದ ಈ ಉಪಾಯವು ಧಣಿಯ ಮರ್ಜಿಯಿಂದ ಅಭಿಮಾನಿಯನ್ನು ಬಿಡಿಸಲಾರದೇ? ಜರ್ಮನಿಯಲ್ಲಿ ಹೆಚ್ಚುಕಡಿಮೆ ಇದೇ ತತ್ವವುಂಟು. ಅಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು.

"ಸರ್, ಸಹಕಾರ ಸಂಘಗಳೂ ಮುಳುಗುತ್ತವಲ್ಲ?" ಎಂದು ಕೇಳುವಿರಿ. ಮುಳುಗುತ್ತವೆ. ಜರ್ಮನಿಯ ಡಾರ್ಟ್ಮಂಡ್ ಕ್ಲಬ್ಬು 2005ರಲ್ಲಿ ದಿವಾಳಿಯ ಅಂಚಿಗೆ ಬಂದಿತ್ತು. ಸದಸ್ಯರೇ ಒಡೆಯರಾಗಿರುವ ಬಾರ್ಸಿಲೋನಾದ ಸಾಲ 2021ರಲ್ಲಿ 100 ಕೋಟಿ ಯೂರೋ ಮೀರಿ, ಮೆಸ್ಸಿಯಂಥ ಆಟಗಾರನನ್ನು ಕಳೆದುಕೊಳ್ಳಬೇಕಾಯಿತು. ಸದಸ್ಯರು ಸಭೆಗೆ ಬಾರದೆ, ಕಾರ್ಯದರ್ಶಿ ಹಿಡಿದ ಕಾಗದಕ್ಕೆ ಸಹಿ ಹಾಕುವ ಸಂಘ ಹಾಳಾಗುವುದನ್ನು ನಮ್ಮ ಹಳ್ಳಿಗಳಲ್ಲೇ ಕಂಡಿದ್ದೇವೆ. ಆದರೆ ಒಂದು ವ್ಯತ್ಯಾಸವಿದೆ. ಬಾರ್ಸಿಲೋನಾವನ್ನು ಯಾರೂ ಬಾರ್ಸಿಲೋನಾದಿಂದ ಹೊತ್ತೊಯ್ಯಲಾರರು. ಕಷ್ಟ ಬಂದರೆ ಸದಸ್ಯರು ಬೈಯುತ್ತಾರೆ, ಅಧ್ಯಕ್ಷನನ್ನು ಇಳಿಸುತ್ತಾರೆ, ಬೇರೊಬ್ಬನನ್ನು ಆರಿಸುತ್ತಾರೆ. ಹೈದರಾಬಾದಿನವರಿಗೆ ಆ ಬೈಗಳದ ಹಕ್ಕೂ ಇರಲಿಲ್ಲ.

ಇಂಗ್ಲೆಂಡಿನ ವಿಂಬಲ್ಡನ್ ಕ್ಲಬ್ಬಿಗೆ 2002ರಲ್ಲಿ ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಹೋಗಲು ಒಪ್ಪಿಗೆ ದೊರೆಯಿತು. ಅಭಿಮಾನಿಗಳು ಅತ್ತುಕೊಂಡು ಕೂಡ್ರಲಿಲ್ಲ. ಅದೇ ವರ್ಷ ತಮ್ಮದೇ ಕ್ಲಬ್ಬು ಕಟ್ಟಿ, ಒಂಬತ್ತನೆಯ ಮಜಲಿನಿಂದ ಆರಂಭಿಸಿ, 2011ರಲ್ಲಿ ನಾಲ್ಕನೆಯ ಮಜಲಿನ ಫುಟ್‌ಬಾಲ್ ಲೀಗಿಗೇರಿದರು. ಅಭಿಮಾನಿಗಳು ಒಗ್ಗಟ್ಟಾದರೆ ನಮ್ಮ ದೇಶದಲ್ಲೂ ಮಾತು ನಡೆಯುತ್ತದೆ. 2020ರಲ್ಲಿ ಮೋಹನ್ ಬಗಾನ್ ಹೆಸರಿನ ಹಿಂದೆ ಅಂಟಿಸಿದ್ದ ಎಟಿಕೆ ಎಂಬ ಅಕ್ಷರಗಳನ್ನು ಅಭಿಮಾನಿಗಳ ಎಡೆಬಿಡದ ಪ್ರತಿಭಟನೆಯ ನಂತರ 2023ರಲ್ಲಿ ಕಿತ್ತುಹಾಕಲಾಯಿತು.

ಆದ್ದರಿಂದ ನನ್ನ ತೀರ್ಪು ಇದು. ಮೊದಲನೆಯವನಿಗೆ: ರೊಕ್ಕ ಹಾಕಿದವನಿಗೆ ಗೌರವವಿರಲಿ, ಆದರೆ ಊರಿನ ಹೆಸರು ಮತ್ತು ಊರಿನ ಅಂಗಳ ಅವನ ಆಸ್ತಿಯಲ್ಲ. ಎರಡನೆಯವನಿಗೆ: ಜೈಕಾರ ಪಾಲಾಗುವುದಿಲ್ಲ. ಪಾಲು ಬೇಕಾದರೆ ಪಟ್ಟಿ ಕೊಡಬೇಕು, ಸಭೆಗೆ ಬರಬೇಕು, ಲೆಕ್ಕ ಕೇಳಬೇಕು. ಬೆಂಗಳೂರಿನ ಗ್ಯಾಲರಿಯಲ್ಲಿ ಅಷ್ಟೊಂದು ಶಿಸ್ತಿನಿಂದ ಹಾಡುವ ನೀವು ಒಂದು ಸಹಕಾರ ಸಂಘ ನೋಂದಾಯಿಸಲಾರಿರಾ? ಅದಕ್ಕೆ 1959ರ ನಮ್ಮ ರಾಜ್ಯದ ಕಾಯ್ದೆಯೇ ಇದೆ.

ಸರಕಾರಕ್ಕೂ ಒಂದು ಮಾತು. ಸಾರ್ವಜನಿಕ ಕ್ರೀಡಾಂಗಣವನ್ನು ಯಾವ ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟರೂ ಮೂರು ಷರತ್ತು ಹಾಕಲಿ. ಒಂದು, ವರ್ಷಕ್ಕೊಮ್ಮೆ ಅಭಿಮಾನಿಗಳ ಮುಂದೆ ಜಮಾಖರ್ಚು ಓದಬೇಕು. ಎರಡು, ಊರು, ಹೆಸರು, ಬಣ್ಣ ಇವುಗಳನ್ನು ಅಭಿಮಾನಿ ಸಂಘದ ಒಪ್ಪಿಗೆಯಿಲ್ಲದೆ ಬದಲಿಸಬಾರದು. ಮೂರು, ಆಟಗಾರರ ಮತ್ತು ಹುಲ್ಲು ಕತ್ತರಿಸುವವರ ಆರು ತಿಂಗಳ ಸಂಬಳವನ್ನು ಮುಂಗಡವಾಗಿ ಠೇವಣಿಯಿಡಬೇಕು. ಲೀಗು ನಿಂತ ದಿನ ತಾರಾ ಆಟಗಾರ ಬೇರೆಡೆ ಹೋದಾನು. ಅಂಗಿ ಒಗೆಯುವವನು ಎಲ್ಲಿಗೆ ಹೋಗಬೇಕು?

ಇದೆಲ್ಲ ಆಗದ ಮಾತೆಂದು ನೀವು ನಕ್ಕರೆ ನಗಿರಿ. ಹಳ್ಳಿಯ ರೈತರು ಸೇರಿ ತಮ್ಮದೇ ಪತ್ತಿನ ಸಂಘ ನಡೆಸುತ್ತಾರೆಂದಾಗ ಸಾವಕಾರರೂ ನಕ್ಕಿರಬೇಕು. ನಿಮ್ಮ ಸಂಘ ನೋಂದಣಿಯಾದ ದಿನ ತಿಳಿಸಿರಿ. ಮೊದಲ ಶೇರಿನ ಹಣ ನಾನು ಕಳಿಸುತ್ತೇನೆ. ಮೊದಲ ವಾರ್ಷಿಕ ಸಭೆಗೆ ಬಂದು ಲೆಕ್ಕವನ್ನೂ ಕೇಳುತ್ತೇನೆ.